ನಾಲಿಗೆ ಇಲ್ಲದ ಗಂಟೆ

ಮಾರ್ಚ್ 13, ಬೆಳಿಗ್ಗೆ 8:20. ಮಾಂಟ್ಸೆರಾಟ್ ದ್ವೀಪದ ಬ್ರೇಡ್ಸ್ ಠಾಣೆಗೆ ಉತ್ಸವ ಸಮಿತಿಯ ಕಾರ್ಯದರ್ಶಿ ಸ್ಕೆರಿಟ್ ಏದುಸಿರು ಬಿಡುತ್ತ ಬಂದು ದೂರು ಕೊಟ್ಟ. ಹ್ಯಾಲಿನನ್ ಕಬ್ಬಿನ ತೋಟದ ಹಳೇ ಗಂಟೆಯನ್ನು ಮೈದಾನದಲ್ಲಿ ತೂಗುಹಾಕಿದ್ದರು. ಗಂಟೆ ಅಲ್ಲೇ ಇದೆ. ಒಳಗಿನ ಕಬ್ಬಿಣದ ನಾಲಿಗೆ ಮಾತ್ರ ಇಲ್ಲ.

ಇನ್ಸ್‌ಪೆಕ್ಟರ್ ನೋಯೆಲ್ ಹ್ಯಾಲಿನನ್ ಎಫ್‌ಐಆರ್ ಪುಸ್ತಕ ತೆರೆದ. ತೋಟದ ಹೆಸರೇ ಅವನ ಹೆಸರು. ಯಜಮಾನರು ಅಲ್ಲಿ ಗುಲಾಮರಾಗಿದ್ದ ಅವನ ಮುತ್ತಜ್ಜಂದಿರಿಗೆ ಬಿಟ್ಟುಹೋದದ್ದು ಅದೊಂದೇ.

“ಅದಿಲ್ದೆ ಏನು ನಿಂತುಹೋಗುತ್ತೆ?”

“ಹದಿನೇಳಕ್ಕೆ ಬಾರಿಸ್ಬೇಕು ಸಾರ್. ಐರ್ಲೆಂಡಿಂದ ಯಜಮಾನರ ವಂಶದವರು ಬಂದಿದಾರೆ, ಅವರ ಕೈಯಿಂದ್ಲೇ. ಗಂಟೆ ಆದ ತಕ್ಷಣ ಗುಲಾಮರ ವೇಷದ ಇಪ್ಪತ್ತೆರಡು ಮಕ್ಕಳು ಕಬ್ಬಿನ ಸಾಲಿಂದ ಓಡಿಬರ್ತಾರೆ.”

“ಹದಿನೇಳು ನಮ್ಮವರು ಆ ಯಜಮಾನರ ಮೇಲೇ ದಂಗೆಗೆ ಹೊರಟ ದಿನ ಅಲ್ವೇನಯ್ಯ?”

“ಸಾಮರಸ್ಯ ಸಾರ್. ಕರಪತ್ರ ಅಚ್ಚಾಗಿದೆ.”

9:05ಕ್ಕೆ ಸ್ಥಳ ಪಂಚನಾಮೆ. ಸೊಂಟದೆತ್ತರದ ಮರದ ಚೌಕಟ್ಟು. ಬೋಲ್ಟನ್ನು ಎಣ್ಣೆ ಬಿಟ್ಟು ಜೋಪಾನವಾಗಿ ಬಿಚ್ಚಿದ್ದರು. ಅದರ ತಿರುಪಿನ ಸುತ್ತಿಗೆ ಸಿಕ್ಕಿಕೊಂಡಿದ್ದ ಗೋಣಿಯ ಎಳೆಯನ್ನು ಕಾನ್‌ಸ್ಟೇಬಲ್ ಬಫಾಂಜ್ ಚಿಮಟದಲ್ಲಿ ಎತ್ತಿದ. ಎಳೆಗೆ ನೀಲಿ ಸೀಮೆಸುಣ್ಣ ಮೆತ್ತಿತ್ತು.

“ಸದ್ದಾಗ್ಬಾರ್ದು ಅಂತ ನಾಲಿಗೆಗೆ ಗೋಣಿ ಸುತ್ತಿದಾರೆ ಸಾರ್.”

ನೀಲಿ ಸೀಮೆಸುಣ್ಣ ಬಳಸುವವರು ಬಡಗಿಗಳು ಎಂದುಕೊಂಡು ನೋಯೆಲ್ ಎರಡು ದಿನ ಬಡಗಿಗಳ ಬೆನ್ನು ಹತ್ತಿದ. ಹನ್ನೊಂದು ಜನ, ಹನ್ನೊಂದು ಹೇಳಿಕೆ, ಎಲ್ಲವೂ ದಂಡ. ಮೈದಾನದ ಸುತ್ತ ಹತ್ತೊಂಬತ್ತು ಮನೆ. ಒಬ್ಬರೂ ಏನೂ ನೋಡಿಲ್ಲ. ಬ್ರೆಡ್ ಸುಡುವವಳು ಕೇಳಿದಳು: “ಅದಕ್ಕೆ ನಾಲಿಗೆ ಇತ್ತಾ ಸಾರ್? ನಮ್ಮ ಕಷ್ಟ ಒಂದಿನಾನೂ ಹೇಳ್ಳಿಲ್ವಲ್ಲ?” ಅವಳ ಗಂಡ ಹಿಟ್ಟಿನ ಚೀಲದ ಹಿಂದೆ ಮುಖ ಮುಚ್ಚಿಕೊಂಡು ನಕ್ಕ. ಇಡೀ ಊರು ತನ್ನನ್ನು ಆಡಿಸುತ್ತಿದೆ ಎಂದು ನೋಯೆಲ್‌ಗೆ ಮೈಯೆಲ್ಲ ಉರಿಯಿತು. ಸೂಪರಿಂಟೆಂಡೆಂಟ್ ದಿನಕ್ಕೆ ಮೂರು ಸಲ ಫೋನು ಮಾಡಿ ‘ಸಿಕ್ತಾ?’ ಎಂಬ ಒಂದೇ ಮಾತು ಕೇಳುತ್ತಿದ್ದರು.

15ರ ಮಧ್ಯಾಹ್ನ ಅತಿಥಿಯೇ ಠಾಣೆಗೆ ಬಂದ. ಐರ್ಲೆಂಡಿನ ಕಾರ್ಕ್ ನಗರದ ಡೋನಲ್ ಹ್ಯಾಲಿನನ್. ನೋಯೆಲ್‌ನ ಹೆಗಲು ತಟ್ಟಿದ.

“ಹೆಸರು ನೋಡಿ ಖುಷಿಯಾಯ್ತಪ್ಪ. ನಾವು ದಾಯಾದಿಗಳು. ಇಂಗ್ಲಿಷರು ನಮ್ಮನ್ನೂ ತುಳಿದ್ರು, ಗೊತ್ತಾ? ನಾವೂ ನೀವೂ ಒಂದೇ ಥರ ನೊಂದವರು.”

“ಗಂಟೆ ಯಾರದು ಸಾರ್?”

“ನಮ್ಮ ಪೂರ್ವಜರದು.”

“ಬರ್ಕೋತೀನಿ.”

ಅವನು ಹೋದ ಮೇಲೆ ಬಫಾಂಜ್ ಹೇಳಿದ: “ದಾಯಾದಿ ಅಂದ್ರೆ ಆಸ್ತೀಲಿ ಪಾಲು ಬರ್ಬೇಕಲ್ಲ ಸಾರ್. ಕೇಳಿನೋಡಿ.”

16ರ ಬೆಳಿಗ್ಗೆ ಮಕ್ಕಳ ತಾಲೀಮು ನಡೆದಿತ್ತು. ನೋಯೆಲ್ ಸುಮ್ಮನೆ ಬೇಲಿಗೊರಗಿ ನಿಂತಿದ್ದ. ಮಕ್ಕಳ ಮೈಮೇಲೆ ಗೋಣಿಯ ಅಂಗಿ. ಅಂಚು ಮಡಿಸುವ ಕಡೆ ನೀಲಿ ಗೆರೆ. ಬಡಗಿಗಳಷ್ಟೇ ಅಲ್ಲ, ದರ್ಜಿಗಳೂ ಗುರುತಿಗೆ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. ಅವನು ತನ್ನ ಹಣೆಯನ್ನೇ ಗುದ್ದಿಕೊಂಡ.

ಮಧ್ಯಾಹ್ನ 3:40ಕ್ಕೆ ಶೋಧನಾ ವಾರಂಟ್ ಹಿಡಿದು ಆ ಅಂಗಿಗಳನ್ನು ಹೊಲಿದ ಇಸ್ಮೇ ವೀಕ್ಸ್ ಮನೆಗೆ ಹೋದರು. ಎಪ್ಪತ್ತೊಂಬತ್ತು ವರ್ಷದ ಮುದುಕಿ ಬಾಗಿಲಲ್ಲೇ ಕೂತಿದ್ದಳು.

“ಮೂರು ದಿನ ಬೇಕಾಯ್ತಾ ನೋಯೆಲ್? ನಿನ್ನ ಸ್ಕೂಲ್ ಚಡ್ಡಿ ಹೊಲಿದಾಗ್ಲೂ ಹಿಂದೆಮುಂದೆ ಗೊತ್ತಾಗ್ತಿರ್ಲಿಲ್ಲ ನಿಂಗೆ.”

“ಎಲ್ಲಿಟ್ಟಿದೀಯ ಇಸ್ಮೇ ಅಜ್ಜಿ?”

ಅವಳು ಒಳಗೆ ಕೈತೋರಿದಳು. ಮೇಜಿನ ಮೇಲೆ ಸತ್ತವರಿಗೆ ಎಡೆ ಇಟ್ಟಿತ್ತು. ಅನ್ನ, ಹುರಿದ ಮೀನು, ಒಂದು ಲೋಟ ರಮ್. ಬಫಾಂಜ್ ಟೋಪಿ ತೆಗೆದು ಹಿಂದಕ್ಕೆ ಸರಿದ.

“ಅವರು ಉಣ್ಣೋವರೆಗೂ ಮುಟ್ಟಬಾರ್ದು ಸಾರ್. ನಾನಂತೂ ಮುಟ್ಟಲ್ಲ.”

ನೋಯೆಲ್ ತಾನೇ ಬಗ್ಗಿ ಮೇಜಿನ ಬಟ್ಟೆ ಎತ್ತಿದ. ಕೆಳಗೆ, ಗೋಣಿಯಲ್ಲಿ ಮಗುವಿನಂತೆ ಸುತ್ತಿದ್ದ ನಾಲಿಗೆ. ಜಪ್ತಿ ಪಂಚನಾಮೆಗೆ ಸಹಿ ಹಾಕಲು ನೆರೆಯವರು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಅಂಚೆಯವನನ್ನೂ ಡ್ರೈವರನ್ನೂ ಹಿಡಿದು ಸಹಿ ಮಾಡಿಸಬೇಕಾಯಿತು. 4:25ಕ್ಕೆ ಬಂಧನ.

ಠಾಣೆಯಲ್ಲಿ ಫೋನು ಬಂತು. “ಸಿಕ್ತಂತಲ್ಲ? ಬಾಂಡ್ ಬರೆಸ್ಕೊಂಡು ಈಗ್ಲೇ ಸಮಿತಿಗೆ ಕೊಡಿ,” ಅಂದರು ಸೂಪರಿಂಟೆಂಡೆಂಟ್.

“ಜಪ್ತಿ ಮಾಲು ಸಾರ್. ನ್ಯಾಯಾಧೀಶರ ಆದೇಶ ಬೇಕು. ಅವರು ಇಪ್ಪತ್ತಕ್ಕೆ ಬರೋದು.”

“ಹ್ಯಾಲಿನನ್, ನಾಳೆ ಹದಿನೇಳು.”

“ಗೊತ್ತು ಸಾರ್.”

ಫೋನು ಇಟ್ಟು ಕಬ್ಬಿಣಕ್ಕೆ ಚೀಟಿ ಕಟ್ಟಿದ, ಮಾಲು ನಂಬರ್ ಒಂದು. ಕಪಾಟಿನಲ್ಲಿಟ್ಟು ಬೀಗ ಹಾಕಿದ. ಮುದುಕಿ ಬೀಗವನ್ನೇ ನೋಡುತ್ತಿದ್ದಳು.

“ಯಾಕೆ ಮಾಡಿದೆ ಅಂತ ಬರೀಬೇಕು ಅಜ್ಜಿ.”

“ಬರ್ಕೋ. ಆ ಐರ್ಲೆಂಡಿನವನು ಬರ್ಲಿ, ಆಡಿನ ಸಾರು ಉಣ್ಲಿ, ಕುಣೀಲಿ. ನಂದೇನೂ ಅಡ್ಡಿಯಿಲ್ಲ. ನನ್ನ ಮರಿಮೊಮ್ಮಗಳಿಗೆ ಗೋಣಿ ಅಂಗಿ ತೊಡಿಸಿ ಅಳತೆ ನೋಡ್ತಿದ್ದೆ. ಬಾಯಲ್ಲಿ ಗುಂಡುಸೂಜಿ. ಅವಳು ಕೇಳಿದ್ಲು, ಅಜ್ಜಿ, ಆ ಗಂಟೆ ಆದ್ಮೇಲೆ ಎಷ್ಟು ಜೋರಾಗಿ ಓಡ್ಬೇಕು ಅಂತ.”

ನೋಯೆಲ್ ಅಷ್ಟನ್ನೂ ಬರೆದುಕೊಂಡ.

“ನಂಗೆ ಗೊತ್ತಿತ್ತು ಕಣೋ ಎಷ್ಟು ಅಂತ. ಹಿಂದೆ ಬಿದ್ದವರಿಗೆ ಚಾಟಿಯೇಟು ಅಂತ ನಮ್ಮನೇಲಿ ಹೇಳ್ಕೊಂಡು ಬಂದಿದಾರೆ. ಆದ್ರೆ ಅದನ್ನ ಆ ಮಗೂಗೆ ಹೇಗೆ ಹೇಳ್ಲಿ?”