ಹೆಸರಿನ ಕಾಲಮ್ಮಿನಲ್ಲಿ ಅಡ್ಡಗೆರೆ

ದಾಖಲೆದರ್ಶಕ ಯಂತ್ರ ಪುಸ್ತಕವನ್ನು ತೆರೆಯದೆಯೇ ಓದುತ್ತಿತ್ತು. ಗಾಜಿನ ಪೆಟ್ಟಿಗೆಯೊಳಗೆ ಗೆದ್ದಲು ತಿಂದು, ನೀರು ಕುಡಿದು, ಇಟ್ಟಿಗೆಯಂತೆ ಗಟ್ಟಿಯಾದ ರಿಜಿಸ್ಟರೊಂದು ಮಲಗಿತ್ತು. ಯಂತ್ರದ ಶಾಯಿಭೇದಕ ಕಿರಣಗಳು ಅಂಟಿಕೊಂಡ ಹಾಳೆಗಳ ನಡುವೆ ಹಾದು, ಯಾವ ಶಾಯಿ ಯಾವ ಹಾಳೆಯದೆಂದು ಬೇರ್ಪಡಿಸಿ, ಅಕ್ಷರಗಳನ್ನು ಪರದೆಯ ಮೇಲೆ ಇಳಿಸುತ್ತಿದ್ದವು. ಕಾಗದದ ಮೇಲಿನ ಶಾಯಿಯನ್ನಲ್ಲದೆ ಬೇರೇನನ್ನೂ ನಂಬದಂತೆ ಅದನ್ನು ಕಟ್ಟಲಾಗಿತ್ತು.

ಮಹಿಳಾ ಆರೋಗ್ಯ ದಾಖಲೆ ಭಂಡಾರದಲ್ಲಿ ಇಂಥ ಸಾವಿರಾರು ಪುಸ್ತಕಗಳಿದ್ದವು. ಸೂಲಗಿತ್ತಿಯರ ಟಿಪ್ಪಣಿಗಳು, ಹೆರಿಗೆ ಪುಸ್ತಕಗಳು, ಎಂದೋ ಮುಚ್ಚಿಹೋದ ಖಾಸಗಿ ಆಸ್ಪತ್ರೆಗಳ ಆಪರೇಷನ್ ರಿಜಿಸ್ಟರುಗಳು. ನಲವತ್ತು ವರ್ಷಗಳ ಹಿಂದೆ ಕಾಯಿಲೆಯಿಲ್ಲದೆ ಗರ್ಭಕೋಶ ಕಳೆದುಕೊಂಡ ಹೆಂಗಸರ ಪಟ್ಟಿ ಅಂದು ಸಂಜೆ ಐದಕ್ಕೆ ಇಲ್ಲಿಂದ ವಿಚಾರಣಾ ಆಯೋಗಕ್ಕೆ ಹೋಗಬೇಕಿತ್ತು. ಪಟ್ಟಿಯಲ್ಲಿ ಇಲ್ಲದವರ ಮಾತನ್ನು ಆಯೋಗ ಕೇಳುವಂತಿರಲಿಲ್ಲ.

ಯಂತ್ರವನ್ನು ರೂಪಿಸಿದ ವಿಜ್ಞಾನಿ ಅನಿರುದ್ಧ ಜಾಲಿಹಾಳನ ಎದುರಿಗೆ ದ್ಯಾವಮ್ಮ ಕುಳಿತಿದ್ದಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ಇಪ್ಪತ್ತಾರರ ಪ್ರಾಯದಲ್ಲಿ ಹೊಟ್ಟೆನೋವೆಂದು ಹೋದವಳಿಗೆ ಆಪರೇಷನ್ ಮಾಡಿ ಕಳಿಸಿದ್ದರು. ಆಮೇಲೆ ಮೂಳೆ ಸವೆದು, ಐವತ್ತಕ್ಕೇ ಬೆನ್ನು ಬಾಗಿತ್ತು.

"ಗಂಡನ ಹೆಸರು ಹೇಳಿ ಅಮ್ಮಾ, ಹುಡುಕೋಣ."

ದ್ಯಾವಮ್ಮ ಹೇಳಲಿಲ್ಲ. ಗಂಡ ಸತ್ತು ಒಂಬತ್ತು ವರ್ಷವಾಗಿದ್ದರೂ ಆ ಹೆಸರು ಅವಳ ಬಾಯಿಗೆ ಬರುವಂಥದಲ್ಲ. ಸೆರಗಿನ ಗಂಟಿನಿಂದ ಕಾರ್ಡು ತೆಗೆದು ತೋರಿಸಿದಳು. ಅನಿರುದ್ಧ ಅದನ್ನು ನೋಡಿ 'ಜ್ಯೋತೆಪ್ಪ' ಎಂದು ಒತ್ತಿದ. ಪರದೆ ಖಾಲಿ ಉಳಿಯಿತು.

"ಇಲ್ಲವಲ್ಲಮ್ಮಾ."

ಅವಳು ಕಾರ್ಡನ್ನು ಮತ್ತೆ ಸೆರಗಿಗೆ ಗಂಟು ಹಾಕಿದಳು. "ಹಂಗಾದ್ರ ಮಲಕಣ್ಣನ ಹೆಸರು ಹಾಕಿ ನೋಡ್ರಿ ಸಾಹೇಬ್ರ."

"ಅವರು ಯಾರು?"

"ಜೀಪಿನಾಂವ. ಊರೂರು ತಿರುಗಿ ಹೆಂಗಸರನ್ನ ತುಂಬಿಕೊಂಡು ದವಾಖಾನಿಗೆ ಒಯ್ತಿದ್ದ. ಅಲ್ಲಿ ಬರೆಯೋ ಮನುಷ್ಯ ನಮ್ಮ ಹೆಸರು ಕೇಳಲಿಲ್ಲ, ಗಂಡನ ಹೆಸರೇನು ಅಂದ. ನಾವ್ಯಾರೂ ಬಾಯಿ ಬಿಡಲಿಲ್ಲ. ಬಾಗಿಲದಾಗ ನಿಂತಿದ್ದ ಮಲಕಣ್ಣ, ನಂದೇ ಬರಕೊಳ್ರಿ, ಮುಂದಿನ ಕೆಲಸ ನೋಡ್ರಿ ಅಂದ."

ಈ ಸಲ ಪರದೆ ತುಂಬಿತು. ಹೆಸರಿನ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ. ಅದರ ಪಕ್ಕ 'ಕೋಂ ಮಲಕಣ್ಣ', ಅಂದರೆ ಮಲಕಣ್ಣನ ಹೆಂಡತಿ. ಕೆಳಗಿದ್ದ ಯಂತ್ರದ ಷರಾವನ್ನು ಅನಿರುದ್ಧ ಗಟ್ಟಿಯಾಗಿ ಓದಿದ: ಇನ್ನೂರ ಹದಿಮೂರು ಸಾಲುಗಳಲ್ಲಿ ಒಂದೇ ದಾಖಲೆಯ ಪುನರಾವರ್ತನೆ. ರೋಗಿಗಳ ಸಂಖ್ಯೆ, ಒಂದು.

"ಒಂದಾ?" ಎಂದಳು ದ್ಯಾವಮ್ಮ.

ಅನಿರುದ್ಧ ತಾಳ್ಮೆಯಿಂದ ವಿವರಿಸಿದ. ಹಳೆಯ ಗುಮಾಸ್ತರು ಒಬ್ಬರನ್ನೇ ಹತ್ತು ಕಡೆ ಬರೆದಿರುತ್ತಾರೆ. ಯಂತ್ರದ ಪುನರುಕ್ತಿಶೋಧಕ ಅಂಥವನ್ನು ಹುಡುಕಿ ಕೂಡಿಸುತ್ತದೆ. "ಗಂಡನ ಹೆಸರು ಒಂದೇ. ಒಪ್ಪಿಗೆಯ ಕಾಲಮ್ಮಿನಲ್ಲಿ ಒತ್ತಿದ ಹೆಬ್ಬೆಟ್ಟೂ ಒಂದೇ, ಗೆರೆಗೆ ಗೆರೆ ಕೂಡುತ್ತದೆ. ಹೆಬ್ಬೆಟ್ಟು ಸುಳ್ಳು ಹೇಳುವುದಿಲ್ಲಮ್ಮಾ."

"ಒಂದು ಹೆಣ್ಣಿನ ಹೊಟ್ಟ್ಯಾಗ ಎಷ್ಟು ಗರ್ಭಚೀಲ ಇರ್ತಾವ್ರಿ?" ಅವಳ ದನಿ ಏರಲಿಲ್ಲ. "ಇನ್ನೂರ ಹದಿಮೂರು ಸಲ ತಗದ್ರು ಅಂತ ಬರದದ. ಇಷ್ಟು ಶಾಣ್ಯಾ ಮಷೀನು, ಅದಕ್ಕ ಒಂದು ಸಂಶಯ ಬರಲಿಲ್ಲೇನು? ನಿಮಗೂ ಬರಲಿಲ್ಲ? ಮಲಕಣ್ಣನ ಖರೇ ಹೆಂಡತಿ ಐದು ಹಡದಾಳ. ಆಕಿನ್ನ ಅಂವಾ ಆ ದವಾಖಾನಿ ಹೊಸ್ತಿಲ ಸೈತ ತುಳಿಸಲಿಲ್ಲ."

ದ್ಯಾವಮ್ಮ ಎದ್ದು ಬಂದು ಪರದೆಯ ಮೇಲಿನ ಹೆಬ್ಬೆಟ್ಟನ್ನು ದಿಟ್ಟಿಸಿದಳು.

"ನಾನು ಎಲ್ಲೂ ಒತ್ತಿಲ್ಲ. ಕ್ಯಾನ್ಸರ್ ಆಗ್ತದ ಅಂತ ಅಂಜಿಸಿದ್ರು, ಸೂಜಿ ಚುಚ್ಚಿದ್ರು. ಕಣ್ಣು ತೆರೆಯೂದರಾಗ ಹೊಟ್ಟಿಗಿ ಹೊಲಿಗಿ ಬಿದ್ದಿತ್ತು." ಹೀಗೆಂದು ತನ್ನ ಹೆಬ್ಬೆರಳನ್ನು ಯಂತ್ರದ ಬೆರಳಚ್ಚು ಓದುವ ಗುರುತುಗಾಜಿನ ಮೇಲೆ ಒತ್ತಿದಳು. ಕೂಡುವುದಿಲ್ಲ ಎಂದು ಯಂತ್ರ ತಿಳಿಸಿತು.

ಅನಿರುದ್ಧ ಪರದೆಯ ಮೇಲೆಯೇ ಪುಸ್ತಕದ ಉಳಿದ ಹಾಳೆಗಳನ್ನು ಹೊರಳಿಸಿದ. ಕೊನೆಯ ಹಾಳೆಯಲ್ಲಿ ಜೀಪಿನ ಬಾಡಿಗೆ ಪಡೆದ ರಸೀದಿಯೊಂದು ಅಂಟಿತ್ತು. ಅದರ ಕೆಳಗೆ ಮಲಕಣ್ಣನ ಹೆಬ್ಬೆಟ್ಟು. ಒಪ್ಪಿಗೆಯ ಕಾಲಮ್ಮಿನ ಹೆಬ್ಬೆಟ್ಟಿಗೆ ಅದು ಗೆರೆಗೆ ಗೆರೆ ಕೂಡಿತು.

ಯಂತ್ರ ತಪ್ಪು ಹೇಳಿರಲಿಲ್ಲ. ಆ ಪುಸ್ತಕದಲ್ಲಿ ನಿಜವಾಗಿಯೂ ಒಬ್ಬನೇ ಮನುಷ್ಯನಿದ್ದ. ಇನ್ನೂರ ಹದಿಮೂರು ಹೆಂಗಸರ ಮೈ ಕೊಯ್ದ ಪುಸ್ತಕದಲ್ಲಿ ಹೆಂಗಸಿನ ಒಂದು ಉಗುರಿನ ಗುರುತೂ ಇರಲಿಲ್ಲ. ಗೆದ್ದಲು ತಿಂದದ್ದನ್ನು ಯಂತ್ರ ಓದಬಲ್ಲದು. ಬರೆಯದೇ ಬಿಟ್ಟದ್ದನ್ನು ಓದುವ ಕಿರಣ ಯಾವುದು?

"ಸಾಲುಗಳನ್ನು ಬಿಡಿಸಿ ಕೊಡಬಲ್ಲೆ," ಎಂದ ಅನಿರುದ್ಧ. "ಆದರೆ ಹೆಸರಿಲ್ಲದ ಸಾಲನ್ನು ಆಯೋಗ ಲೆಕ್ಕಕ್ಕೆ ಹಿಡಿಯೋದಿಲ್ಲ."

"ಹೆಸರು ನನ್ನ ಕಡೆ ಅದಾವ. ನಮ್ಮ ಜೀಪಿನ್ಯಾಗ ಹನ್ನೊಂದು ಮಂದಿ. ಯಾರು ಎಲ್ಲಿ ಕುಂತಿದ್ರು ಅನ್ನೋದು ಸೈತ ಹೇಳ್ತೀನಿ."

"ಯಂತ್ರ ಬಾಯಿಮಾತು ನಂಬೋದಿಲ್ಲಮ್ಮಾ. ಕಾಗದದ ಮೇಲೆ ಶಾಯಿ ಬೇಕು."

"ಆಗ ಬರೆಯೋ ಮನುಷ್ಯ ಬರೀಲಿಲ್ಲ. ಈಗ ನೀ ಬರಿ. ಕೈ ಅದಾವಲ್ಲ?"

ಸಾಹೇಬ್ರ ಎನ್ನುತ್ತಿದ್ದವಳು ಏಕವಚನಕ್ಕೆ ಇಳಿದಿದ್ದಳು. ಅನಿರುದ್ಧ ಭಂಡಾರದ ಮೊಹರಿನ ಹಾಳೆ ಹುಡುಕಿ, ಎಷ್ಟೋ ವರ್ಷದಿಂದ ಹಿಡಿಯದ ಪೆನ್ನು ಹಿಡಿದು ಕುಳಿತ. ದಿನಾಂಕ, ಆಸ್ಪತ್ರೆ, ಕರೆತಂದವನು ಮಲಕಣ್ಣ, ಎಲ್ಲವನ್ನೂ ಬರೆದ. 'ದ್ಯಾವಮ್ಮ' ಎಂದು ಬರೆದಾದ ಮೇಲೆ ಅಭ್ಯಾಸದಂತೆ ಕೈ ಮುಂದೆ ಸರಿಯಿತು.

"ಕೋಂ ಬ್ಯಾಡ," ಎಂದಳು. "ಅಷ್ಟೇ ಸಾಕು."

ಅವಳು ಹೆಸರಿನ ಕೆಳಗೆ ಹೆಬ್ಬೆಟ್ಟು ಒತ್ತಿದಳು. ಅನಿರುದ್ಧ ಹಾಳೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟ. ಕಿರಣ ಹಾದುಹೋಯಿತು. ಪರದೆಯ ಮೇಲೆ ರೋಗಿಗಳ ಸಂಖ್ಯೆ ಒಂದು ಅಳಿಸಿ ಎರಡಾಯಿತು.

"ಆ ಮೊದಲನೆಯದನ್ನು ತೆಗೆದುಬಿಡುತ್ತೇನಮ್ಮಾ. ಅದು ಹೆಂಗಸಲ್ಲ."

"ತಗೀಬ್ಯಾಡ. ಅಂವಾ ಅಲ್ಲೇ ಇರಲಿ. ನಾವು ಒಬ್ಬೊಬ್ಬರೇ ಬಂದು ಅವನ ಕೆಳಗ ಸಾಲಾಗಿ ನಿಲ್ತೀವಿ, ಆಯೋಗದಾವ್ರು ನೋಡಲಿ." ದ್ಯಾವಮ್ಮ ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಗಡಿಯಾರದಲ್ಲಿ ನಾಲ್ಕು ಹತ್ತಾಗಿತ್ತು. "ಹೂಂ, ಬರಕೋ. ನನ್ನ ಬಗಲಾಗ ಕುಂತಾಕಿ ಈರಮ್ಮ. ಈಗ ಇಲ್ಲ. ಆಗ ಆಕಿಗಿ ಇಪ್ಪತ್ತೆರಡು."