ನೂರರಲ್ಲಿ ಮೂರನೇ ಸಿಂಹ

“ನೋಡೆ, ನೂರರಲ್ಲಿ ಮೂರು! ಪ್ರಪಂಚದಲ್ಲೇ ನೂರು ಕಾರ್ಡು. ಅದ್ರಲ್ಲಿ ಮೂರನೇದು ನಂದು!” ರಘುನಂದನ್ ಫೋನನ್ನು ಚೈತ್ರಳ ಮೂಗಿಗೇ ಹಿಡಿದ.

ಬಿಂಡಿಗನವಿಲೆ ಬಸ್ ಸ್ಟಾಪಿನ ಕಟ್ಟೆ ಮೇಲೆ ಇಬ್ಬರೂ ಕೂತಿದ್ದರು. ಇಬ್ಬರೂ ಆರನೇ ಕ್ಲಾಸು. ಶನಿವಾರ, ಬೇಗ ಸ್ಕೂಲು ಬಿಟ್ಟಿತ್ತು. ಫೋನಿನಲ್ಲಿ ವಜ್ರದ ಸಿಂಹವೊಂದು ಗಿರಗಿರ ತಿರುಗುತ್ತಿತ್ತು. ಕೆಳಗೆ ‘ಲಿಮಿಟೆಡ್ ಎಡಿಷನ್, 3/100’ ಅಂತ ಚಿನ್ನದ ಬಣ್ಣದ ಅಕ್ಷರ.

ಕ್ಲಾಸಲ್ಲಿ ಎಲ್ಲರಿಗೂ ಫೋನಿನ ಈ ಕಾರ್ಡಾಟದ ಹುಚ್ಚು ಹಿಡಿದಿತ್ತು. ಅಪರೂಪದ ಕಾರ್ಡು ಯಾರ ಹತ್ತಿರವೋ ಅವರ ಸುತ್ತಲೇ ಗುಂಪು. ಚೈತ್ರಳ ಹತ್ತಿರ ಇದ್ದದ್ದೆಲ್ಲ ಫ್ರೀ ಕಾರ್ಡು. ಮೊಲ, ಆಮೆ, ಮತ್ತೆ ಮೊಲ. ಅದೂ ಅಪ್ಪನ ಗಾಜು ಒಡೆದ ಫೋನಿನಲ್ಲಿ. “ನಿನ್ ಮೊಲ ಯಾರಿಗ್ ಬೇಕು, ಹೋಗೆ” ಅಂದುಬಿಟ್ಟಿದ್ದಳು ಶ್ವೇತ, ಎಲ್ಲರ ಮುಂದೆ. ಚೈತ್ರಳಿಗೆ ಅವತ್ತು ಊಟ ಸೇರಿರಲಿಲ್ಲ.

“ನಂಗ್ ಕಳ್ಸ್ತೀಯಾ ಇದ್ನ?”

“ಕಳ್ಸ್ತೀನಿ. ಗುಂಡನ್ನ ಕೊಡು.”

ಗುಂಡ ಅಂದರೆ ಚೈತ್ರಳ ಟಗರುಮರಿ, ಮೂರು ತಿಂಗಳದು. ಅದು ಹುಟ್ಟಿದ ದಿನವೇ ಅಜ್ಜಿ ಕುಳ್ಳಮ್ಮ, “ಇದು ನಿಂದು ಕಣವ್ವ” ಅಂತ ಅವಳ ಮಡಿಲಿಗೆ ಹಾಕಿದ್ದಳು. ಅವರ ಮನೆಯಲ್ಲಿ ಹಾಗೆ ಮಕ್ಕಳ ಪಾಲಿಗೆ ಬಿಟ್ಟ ಮರಿಯ ತಂಟೆಗೆ ದೊಡ್ಡವರು ಹೋಗುವ ಹಾಗಿಲ್ಲ. ಗುಂಡನ ಮೈಯೆಲ್ಲ ಕಪ್ಪು. ಹುಡುಕಿದರೂ ಒಂದು ಬಿಳಿ ಕೂದಲು ಸಿಗದು. ಅಂಥ ಮರಿ ಸುತ್ತಮುತ್ತ ಎಲ್ಲೂ ಇರಲಿಲ್ಲ. ರಘುವಿನ ತಾತ ಹೊನ್ನಪ್ಪ ಒಮ್ಮೆ ಮನೆಗೇ ಬಂದು ಕೇಳಿದ್ದರು. “ಮರಿ ಮಗೀದು ಗೌಡ್ರೇ, ಅವಳ್ನೇ ಕೇಳಿ” ಅಂದಿದ್ದ ಅಪ್ಪ ಮಂಚಯ್ಯ. ಕೊಡಲ್ಲ ಅಂದಿದ್ದಳು ಚೈತ್ರ.

ಯಾಕೆ ಬೇಕು ಅಂತ ಅವಳು ಅವತ್ತೂ ಕೇಳಲಿಲ್ಲ, ಇವತ್ತೂ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ! ಕುರಿ ವರ್ಷ ವರ್ಷ ಮರಿ ಹಾಕುತ್ತದೆ, ಸಿಂಹ ಮಾತ್ರ ನೂರೇ ನೂರು ಅಂದುಕೊಂಡಳು.

“ಊಂ. ತಗೊಂಡೋಗು.”

ಚೈತ್ರಳ ಮನೆಗೆ ಬಂದು, ಅವಳಪ್ಪನ ಫೋನಿಗೆ ಸಿಂಹ ಕಳಿಸಿ, ರಘು ಹಗ್ಗ ಎಳೆದರೆ ಗುಂಡ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಚೈತ್ರಳೇ ಮುಂದೆ ನಡೆದು ಹೊನ್ನಪ್ಪನವರ ಕೊಟ್ಟಿಗೆ ತನಕ ಬಿಟ್ಟು ಬಂದಳು. ಅವಳ ಹಿಂದೆ ಆದರೆ ಅದು ಎಲ್ಲಿಗೆ ಬೇಕಾದರೂ ಬರುತ್ತಿತ್ತು.

ಭಾನುವಾರ ಬೆಳಗ್ಗೆ ಹಲ್ಲುಜ್ಜಿದವಳೇ ಅಪ್ಪನ ಫೋನು ಹಿಡಿದು ಶ್ವೇತಳ ಮನೆಗೆ ಓಡಿದಳು. ಶ್ವೇತ ಸಿಂಹ ನೋಡಿದಳು. ಆಮೇಲೆ ಕಿಸಕ್ಕನೆ ನಕ್ಕಳು.

“ಅಯ್ಯೋ ಪೆದ್ದಿ, ನಂಗೂ ಸಿಕ್ತು ಕಣೆ ಇವತ್ತು. ನೋಡಿಲ್ಲಿ, 41/100. ಪ್ರತಿ ವಾರ ಹೊಸ ಸೀಸನ್ ಬತ್ತದೆ. ಸೀಸನ್ನಿಗೆ ನೂರು ಸಿಂಹ. ಈಗ ಹದಿನೈದನೇ ಸೀಸನ್ನು.”

“ಅಂಗಾದ್ರೆ... ಬರೀ ನೂರಲ್ವಾ?”

“ಸಾವಿರದ ಐನೂರು! ಮುಂದಿನ್ ವಾರ ಇನ್ನೂ ನೂರು. ಇದ್ಕೆ ಏನ್ ಕೊಟ್ಟೆ?”

ಅಲ್ಲಿಂದ ಓಡಿದ ಚೈತ್ರ ನಿಂತದ್ದು ಹೊನ್ನಪ್ಪನವರ ಕೊಟ್ಟಿಗೆಯ ಹತ್ತಿರವೇ. ಕೊಟ್ಟಿಗೆ ಖಾಲಿ. ಬಾಗಿಲಲ್ಲಿ ರಘು ನಿಂತಿದ್ದ. ಅತ್ತು ಅತ್ತು ಅವನ ಮುಖ ಊದಿಕೊಂಡಿತ್ತು.

“ತೋಟುಕ್ ತಗೊಂಡೋದ್ರು. ನಮ್ಮಜ್ಜಿಗೆ ಉಷಾರಾದ್ರೆ ಕರೀ ಮರಿ ಕೊಡ್ತೀನಿ ಅಂತ ಮುನೇಶ್ವರಂಗೆ ತಾತ ಹರಕೆ ಹೊತ್ತಿದ್ರಂತೆ. ಸಾಕಕ್ಕೆ ಅನ್ಕಂಡಿದ್ದೆ ಕಣೆ ನಾನು, ದೇವ್ರಾಣೆ!”

ಇಬ್ಬರೂ ತೋಟಕ್ಕೆ ಓಡಿದರು. ಹೊಂಗೆ ಮರದ ಕೆಳಗೆ ಹತ್ತು ಹದಿನೈದು ಜನ ಸೇರಿದ್ದರು. ನಡುವೆ ಗುಂಡ. ಕೊರಳಲ್ಲಿ ಹೂವಿನ ಹಾರ, ಹಣೆಯಲ್ಲಿ ಅರಿಶಿನ.

“ನನ್ ಮರಿ ಕೊಟ್ಬುಡಿ ತಾತ!” ಚೈತ್ರ ಏದುಸಿರು ಬಿಡುತ್ತ ಹೇಳಿದಳು. “ಕಾರ್ಡು ವಾಪಸ್ ಕೊಡ್ತೀನಿ.”

ಹೊನ್ನಪ್ಪನವರಿಗೆ ಕಾರ್ಡಿನ ವಿಷಯವೇ ತಿಳಿಯದು. ಆದರೂ ಕೆಟ್ಟವರಲ್ಲ. ಅವಳ ತಲೆ ಮೇಲೆ ಕೈಯಿಟ್ಟು ಹೇಳಿದರು, “ಎರಡ್ ಸಲ ನೀರ್ ಹಾಕಾಗದೆ ಕಣವ್ವ. ಇನ್ನೊಂದ್ ಸಲ ಹಾಕ್ತೀವಿ. ಮರಿ ಮೈ ಕೊಡವ್ನಿಲ್ಲ ಅಂದ್ರೆ ದೇವ್ರಿಗೆ ಬ್ಯಾಡ ಅಂತ, ನೀನೇ ಹಿಡ್ಕಂಡೋಗು. ಕೊಡವಿದ್ರೆ ಅದು ದೇವ್ರುದು. ನಂದೂ ಅಲ್ಲ, ನಿಂದೂ ಅಲ್ಲ.”

ಮೂರನೇ ಸಲ ನೀರು ಬಿತ್ತು. ಎಲ್ಲರೂ ಕೈ ಮುಗಿದು ನಿಂತರು. ಚೈತ್ರಳೂ ಕೈ ಮುಗಿದಳು. ಬ್ಯಾಡ ಅನ್ನು ಸ್ವಾಮಿ, ಬ್ಯಾಡ ಅನ್ನು. ಗುಂಡ ಕಲ್ಲಿನ ಹಾಗೆ ನಿಂತಿತ್ತು. ಕಿವಿಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ನಿಮಿಷ, ಎರಡು ನಿಮಿಷ.

“ಒಪ್ಪನಿಲ್ಲ ಕಣ್ಲಾ ದೇವ್ರು,” ಅಂದರು ಯಾರೋ. “ಬಿಚ್ರಲಾ ಹಗ್ಗವ.”

ಚೈತ್ರಳಿಗೆ ತಡೆಯಲಾಗಲಿಲ್ಲ. “ಗುಂಡಾ!” ಅಂತ ಕೂಗಿಬಿಟ್ಟಳು.

ಆ ದನಿ ಕೇಳಿದ್ದೇ ತಡ, ಗುಂಡ ಇತ್ತ ತಿರುಗಿತು. ದಿನಾ ಬೆಳಗ್ಗೆ ಅವಳು ಕರೆದಾಗ ಮಾಡುವ ಹಾಗೆಯೇ ಖುಷಿಯಿಂದ ತಲೆಯಿಂದ ಬಾಲದವರೆಗೆ ಪಟಪಟ ಮೈ ಕೊಡವಿತು. ನೀರಿನ ಹನಿ ಎಲ್ಲರ ಮೇಲೂ ಸಿಡಿಯಿತು.

“ಒಪ್ತು! ಒಪ್ತು!”

“ಇಲ್ಲ! ನಾನ್ ಕರ್ದಿದ್ಕೆ ಕೊಡವಿದ್ದು ಅದು! ನಂಗೆ!” ಚೈತ್ರ ನುಗ್ಗಿ ಗುಂಡನ ಕೊರಳು ತಬ್ಬಿಕೊಂಡಳು. ಹೊನ್ನಪ್ಪನವರ ಮುಖ ಬಾಡಿತು. ಆದರೆ ಅಷ್ಟು ಜನರ ಮುಂದೆ ಅವರು ದೇವರ ಕಡೆ ತಿರುಗಿ ಕೈ ಮುಗಿದರು. ಯಾರೋ ಹೆಂಗಸರು ಅವಳ ಬೆರಳು ಬಿಡಿಸಿ, ಎತ್ತಿಕೊಂಡೇ ಮನೆಗೆ ತಂದು ಬಿಟ್ಟರು.

ಸಂಜೆ ಹೊನ್ನಪ್ಪನವರೇ ಬಂದರು, ಎರಡು ಬಿಳಿ ಮರಿ ಹಿಡಿದುಕೊಂಡು. “ಒಂದ್ಕೆ ಎರಡು ತಂದಿವ್ನಿ ಮಂಚಯ್ಯ,” ಅಂದರು. ಚೈತ್ರಳ ಕಡೆ ನೋಡದೆ ಹೊರಟುಹೋದರು.

ಗುಂಡನ ತಾಯಿಕುರಿ ನೆನ್ನೆಯಿಂದ ಅರಚಿ ಅರಚಿ ಗಂಟಲು ಕಟ್ಟಿಸಿಕೊಂಡಿತ್ತು. ಕೆಚ್ಚಲು ಬಿಗಿದಿತ್ತು. ಅಜ್ಜಿ ಎರಡೂ ಮರಿಗಳನ್ನು ಅದರ ಹತ್ತಿರ ಬಿಟ್ಟಳು. ಕುರಿ ಒಂದನ್ನು ಮೂಸಿ ಹಾಯ್ದು ತಳ್ಳಿತು. ಇನ್ನೊಂದನ್ನೂ ಮೂಸಿ ಮುಖ ತಿರುಗಿಸಿತು. ಆಮೇಲೆ ನಿಧಾನಕ್ಕೆ ಚೈತ್ರಳ ಹತ್ತಿರ ಬಂತು. ಗುಂಡನನ್ನು ತಬ್ಬಿದ್ದ ಅವಳ ಅಂಗೈಗೆ ಮೂಗಿಟ್ಟು ಮೂಸಿತು. ಮತ್ತೆ ಮತ್ತೆ ಮೂಸಿತು. ಅಲ್ಲೇ ನಿಂತಿತು, ಅರಚುವುದನ್ನೂ ನಿಲ್ಲಿಸಿತು.

“ಕೈ ತೊಳ್ಕಂಡ್ ಬಾರವ್ವ,” ಒಳಗಿನಿಂದ ಅಜ್ಜಿ ಕರೆದಳು. “ಒಂದ್ ತುತ್ತಾದ್ರೂ ಉಣ್ಣು.”

“ಆಮೇಲ್ ತೊಳೀತೀನಿ ಅಜ್ಜಿ,” ಅಂದಳು ಚೈತ್ರ. ಕೈಯನ್ನು ಹಾಗೇ ಚಾಚಿಕೊಂಡು ಕುರಿಯ ಪಕ್ಕ ಕೂತಳು.