ಗಂಟೆ ಬಾರಿಸಿದವಳು

"ಆ ಗಂಟೆ ಮುಟ್ಟಬೇಡಿ! ಅದು ಮ್ಯೂಸಿಯಂಗೆ ಹೋಗ್ಬೇಕು!"

ವರ್ನಾಳ ಕೂಗಿಗೆ ಏಣಿಯ ಮೇಲಿದ್ದವನು ತಿರುಗಿದ. ಕಿವಿಯ ಬಳಿ ಕೂದಲು ನರೆತಿತ್ತು... ತುಂಟ ನಗು ಮಾತ್ರ ಹಾಗೇ ಇತ್ತು.

ಓರಿನ್!

"ಏನೇ ವರ್ನಾ, ನೀನೂ ಕೊನೇ ಸಲ ನೋಡೋಕೆ ಬಂದ್ಯಾ?"

"ನೀನು... ಇಲ್ಲಿ?"

"ನಮ್ಮಣ್ಣ ಈ ಕಟ್ಟಡ ಕೊಂಡಿದ್ದಾನೆ. ಕುರ್ಚಿ ಮೇಜಿನ ಅಂಗಡಿ ಮಾಡ್ತಾನಂತೆ. ಸಾಮಾನು ಇಳಿಸಿಕೊಟ್ಟು ಸಂಜೆ ಬಸ್ಸಿಗೆ ಒಮಾಹಾಗೆ ವಾಪಸ್."

ಸಂಜೆ ಬಸ್ಸು! ಅಂದು ಯಾಕೆ ಬಿಟ್ಟುಹೋದೆ ಅಂತ ಈಗ ಕೇಳದಿದ್ದರೆ ಇನ್ನೆಂದೂ ಕೇಳಲಾರೆ...

ಅವಳು ಬಂದದ್ದು ಕಾಲೇಜಿನ ಚರಿತ್ರೆ ಬರೆಯಲು. ಐಯೋವಾದ ಆ ಪುಟ್ಟ ಊರಿನಲ್ಲಿ, ಮೇವಿನ ಅಂಗಡಿಯ ಮಹಡಿಯ ಮೇಲೆ ಶುರುವಾದ ವಾಣಿಜ್ಯ ಕಾಲೇಜು ಅದು. ರೈತರ ಮಕ್ಕಳು ಗ್ರಾಮಫೋನಿನ ತಾಳಕ್ಕೆ ಟೈಪಿಂಗ್ ಕಲಿಯುತ್ತಿದ್ದರು. ಕೆಲಸ ಸಿಕ್ಕವರು ಈ ಗಂಟೆ ಬಾರಿಸಬೇಕು. ಬಾರಿಸಿದವರು ಷಿಕಾಗೋ ರೈಲು ಹತ್ತುತ್ತಿದ್ದರು. ಪಕ್ಕದ ಊರಿಗೆ ಸರ್ಕಾರಿ ಕಾಲೇಜು ಬಂದ ಮೇಲೆ ತರಗತಿಗಳು ಬರಿದಾದವು. ಕಳೆದ ವಸಂತದಲ್ಲಿ ಬಾಗಿಲು ಮುಚ್ಚಿತು.

"ಚರಿತ್ರೇಲಿ ನಾನೂ ಇರ್ತೀನಾ?"

"ಇರ್ತೀಯ. ಹೇಳದೆ ಕೇಳದೆ ಓಡಿಹೋದವನು ಅಂತ!"

ಅವನ ನಗು ಮಾಯವಾಯಿತು.

"ನಾನಾ ಓಡಿಹೋದವನು? ಹೂವು ಹಿಡ್ಕೊಂಡು ಮೆಟ್ಟಿಲ ಕೆಳಗೆ ನಿಂತಿದ್ದೆ ಕಣೇ! ಗಂಟೆ ಹೊಡೀತು. 'ವರ್ನಾಗೆ ಕೆಲಸ ಸಿಕ್ತು' ಅಂತ ಎಲ್ಲರೂ ಕೂಗಿದ್ರು. ಷಿಕಾಗೋಗೆ ಹೊರಟವಳನ್ನ ತಡೀಬಾರ್ದು ಅಂತ ನಾನೇ ಮೊದ್ಲು ಬಸ್ಸು ಹತ್ತಿಬಿಟ್ಟೆ..."

"ಯಾವ ಷಿಕಾಗೋನೋ, ದಡ್ಡ! ಕೆಲಸ ಸಿಕ್ಕಿದ್ದು ಇಲ್ಲೇ, ಟೈಪಿಂಗ್ ಟೀಚರ್ ಆಗಿ! ನೀನು ಈ ಊರ ಬ್ಯಾಂಕಲ್ಲೇ ಇದ್ಯಲ್ಲ, ಆ ಖುಷೀಲಿ ಅಷ್ಟು ಜೋರಾಗಿ ಬಾರಿಸಿದ್ದೆ. ಸಂಜೆ ಓಡಿ ಬಂದ್ರೆ ನೀನೇ ಊರು ಬಿಟ್ಟಿದ್ದೆ..."

ಯಾಕೋ, ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳ ಕಣ್ಣು ತುಂಬಿತು.

"ಒಮಾಹಾದಲ್ಲಿ... ಯಾರು ಕಾಯ್ತಿದ್ದಾರೆ?"

"ಒಂದು ಬೆಕ್ಕು. ಅದೂ ಪಕ್ಕದ್ಮನೆಯೋರ್ದು. ನಿನಗೆ?"

"ನಾನು ಅಳ್ತಾ ಕೂತಿದ್ದೆ ಅನ್ಕೋಬೇಡ. ಪಾಠ ಮಾಡಿಕೊಂಡು ಚೆನ್ನಾಗೇ ಇದ್ದೆ." ಅವಳು ತಲೆ ತಗ್ಗಿಸಿದಳು. "ಊಟದ ಮೇಜಲ್ಲಿ ಎದುರು ಕುರ್ಚಿ ಮಾತ್ರ ಖಾಲಿ."

ಓರಿನ್ ತಿರುಗಿ ಹಗ್ಗ ಹಿಡಿದು ಎಳೆದ. ಢಣ್! ಸೂರಿನ ಪಾರಿವಾಳಗಳು ಬೆಚ್ಚಿ ಹಾರಿದವು.

"ಯಾವೂರಲ್ಲಪ್ಪಾ ಕೆಲಸ ಸಿಕ್ಕಿದ್ದು?"

"ಇಲ್ಲೇ, ಅಣ್ಣನ ಅಂಗಡೀಲಿ... ನೀನು ಹೂಂ ಅಂದ್ರೆ."

"ಮೊದ್ಲು ಕೆಳಗಿಳಿ. ಹೂಂ ಅನ್ನೋಕೂ ನಾನು ಕೂಗಬೇಕಾ?"